ಮಳೆಗಾಲದ ಪುತ್ತೂರು, ಹಲಸಿನ ಮುಳ್ಕ

ಮಂಗಳೂರಿನಿಂದ ಬಿ.ಸಿ. ರೋಡು, ಮಾಣಿ ದಾಟಿ ಪುತ್ತೂರಿಗೆ ಸುಮಾರು 50 ಕಿಲೋಮೀಟರಿನ ಹಾದಿ. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಈ ಹಾದಿಯುದ್ದಕ್ಕೂ ಹಲಸಿನ ಪರಿಮಳ. ಅಡಿಕೆ ತೋಟದ ಅಂಚಿನಲ್ಲಿ, ಮನೆಯ ಹಿತ್ತಿಲಿನಲ್ಲಿ, ಮರದ ಬುಡಗಳಲ್ಲೆಲ್ಲ ಬಿದ್ದು ಒಡೆದ ಹಣ್ಣುಗಳು. ಒಂದು ಮನೆಯವರು ಎಷ್ಟೆಂದು ತಿಂದಾರು? ನೆರೆಯವರಿಗೆ ಕೊಟ್ಟು, ದನಗಳಿಗೆ ಹಾಕಿ ಉಳಿದದ್ದು ಕೊಳೆತು ಮಣ್ಣು ಸೇರುತ್ತದೆ. ನೆರೆಯ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಆದರೆ ಘೋಷಣೆಗಿಂತ ಹೆಚ್ಚಿನ ಮರ್ಯಾದೆ ಹಲಸಿಗೆ ಸಿಗುವುದು ಸಂಜೆಯ ಅಡುಗೆಮನೆಯಲ್ಲಿ, ಬಾಣಲೆಯ ಮುಂದೆ.

ಹಣ್ಣಿನ ಈ ಕರಿದ ತಿಂಡಿಯೇ ಮುಳ್ಕ. ಹವ್ಯಕರ ಮನೆಗಳಲ್ಲಿ ಇದು ಸುಟ್ಟವು. ಎರಡು ಲೋಟ ಹೆಚ್ಚಿದ ಸೊಳೆಗೆ ಒಂದು ಲೋಟ ಬೆಳ್ತಿಗೆ ಅಕ್ಕಿ. ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ, ನೀರು ಬಸಿದು, ಸೊಳೆಯೊಂದಿಗೆ ಅರೆಯಬೇಕು. ಬೇರೆ ನೀರು ಬೇಡ, ಹಣ್ಣಿನ ರಸವೇ ಸಾಕು. ಹಣ್ಣಿನ ಸಿಹಿ ನೋಡಿ ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು, ಒಂದು ಹಿಡಿ ಕಾಯಿಚೂರು ಸೇರಿಸಿ, ಕಾದ ತೆಂಗಿನೆಣ್ಣೆಗೆ ನೆಲ್ಲಿಕಾಯಿ ಗಾತ್ರದಲ್ಲಿ ಬಿಟ್ಟರೆ ಮುಳ್ಕ.

ಕೇಳಲು ಇಷ್ಟೇ. ಪುತ್ತೂರಿನ ಒಳಹಳ್ಳಿಯೊಂದರ ಅಜ್ಜಿಮನೆಗೆ ಬೆಂಗಳೂರಿನಿಂದ ಬಂದ ಒಂಬತ್ತನೆಯ ತರಗತಿಯ ಹುಡುಗನೂ ಹಾಗೆಯೇ ತಿಳಿದಿದ್ದ. ಮೇ ತಿಂಗಳ ರಜೆಯಲ್ಲಿ ಅಜ್ಜಿಯ ಕೈಯಳತೆಯನ್ನೆಲ್ಲ ಲೋಟದಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಜುಲೈಯಲ್ಲಿ ಎರಡು ದಿನಕ್ಕೆ ಬಂದಾಗ ಅದೇ ಮರ, ಅದೇ ಅಳತೆ. ಆದರೆ ಮುಳ್ಕ ಮೆತ್ತಗಾಗಿ ಎಣ್ಣೆ ಕುಡಿದು ಕೂತಿತು. ಹುಡುಗನ ಮುಖ ಬಾಡಿತು.

ಅಜ್ಜಿ ಹಿಟ್ಟನ್ನು ಬೆರಳಲ್ಲಿ ಎತ್ತಿ ನೋಡಿ ಹೇಳಿದರು: "ಇದು ಮಳೆ ಕುಡಿದ ಹಣ್ಣು ಮಗಾ. ಇದರಲ್ಲಿ ನೀರು ಹೆಚ್ಚುಂಟು. ಅಕ್ಕಿ ಇನ್ನಷ್ಟು ಬೇಕು."

ಅಜ್ಜಿಯ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ಎಣ್ಣೆಯ ಶಾಖ 170 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನೀರು ಕುದಿಯುವುದು 100ರಲ್ಲಿ. ಹಿಟ್ಟು ಎಣ್ಣೆಗೆ ಬಿದ್ದೊಡನೆ ಏಳುವ ಗುಳ್ಳೆಗಳು ಎಣ್ಣೆ ಕುದಿಯುವುದರಿಂದ ಬಂದವಲ್ಲ, ಹಿಟ್ಟಿನ ನೀರು ಆವಿಯಾಗಿ ಹೊರಬರುತ್ತಿರುವ ಗುರುತು. ಆವಿ ಹೋದ ದಾರಿಯಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ನೀರು ಹೆಚ್ಚಿದ್ದಷ್ಟೂ ರಂಧ್ರ ಹೆಚ್ಚು, ಒಳಸೇರುವ ಎಣ್ಣೆಯೂ ಹೆಚ್ಚು. ಬಹುಪಾಲು ಎಣ್ಣೆ ಒಳಹೋಗುವುದು ಮುಳ್ಕವನ್ನು ಹೊರತೆಗೆದ ಮೇಲೆ. ಆರುವಾಗ ಒಳಗಿನ ಆವಿ ನೀರಾಗಿ, ಹೊರಮೈಯ ಎಣ್ಣೆಯನ್ನು ಒಳಗೆಳೆಯುತ್ತದೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿದೊಡನೆ ಬಿಸಿಯಿರುವಾಗಲೇ ಎಣ್ಣೆ ಬಸಿಯಬೇಕು. ಬೆಲ್ಲ ಅತಿಯಾದರೂ ಕಷ್ಟ. ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಅಜ್ಜಿ ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿ, ಉರಿ ತಗ್ಗಿಸಿ, ಒಂದೊಂದನ್ನೇ ಬಿಟ್ಟರು. ಹಿಟ್ಟು ತಳಕ್ಕಿಳಿದು ಮೇಲೆದ್ದಿತು. ಗುಳ್ಳೆಗಳ ಸದ್ದು ಕ್ರಮೇಣ ಇಳಿಯಿತು. "ಸದ್ದು ಕೇಳು, ಈಗ ತೆಗೆ" ಎಂದರು. ಈ ಸಲ ಹೊರಗೆ ಗರಿಗರಿ, ಒಳಗೆ ಮೆತ್ತನೆ.

ಹುಡುಗ ನೋಟ್‌ಬುಕ್ಕಿನ ಹಳೆಯ ಅಳತೆಯನ್ನು ಹೊಡೆದುಹಾಕಲಿಲ್ಲ. ಅದರ ಮೇಲೆ 'ಮಳೆಗೆ ಮೊದಲು' ಎಂದು ಬರೆದ. ಪಕ್ಕದಲ್ಲಿ 'ಮಳೆ ಬಂದ ಮೇಲೆ' ಎಂದು ಇನ್ನೊಂದು ಸಾಲು ಎಳೆದ. ಆ ಸಾಲು ತುಂಬಲು ಇನ್ನೂ ಕೆಲವು ಮಳೆಗಾಲ ಬೇಕು, ಒಲೆಯ ಪಕ್ಕದಲ್ಲಿ ಅಜ್ಜಿಯೂ ಬೇಕು.

ಹಲಸಿನ ಮರ ಮುಂದಿನ ವರ್ಷವೂ ಕಾಯಿ ಬಿಟ್ಟೀತು. ಸದ್ದು ಕೇಳಿ ಹದ ಹೇಳುವ ಕಿವಿಗಳು ಮಾತ್ರ ಮನೆಮನೆಯಲ್ಲಿ ಕಡಿಮೆಯಾಗುತ್ತಿವೆ. ತಂದೆತಾಯಂದಿರು ಮಕ್ಕಳನ್ನು ಬೇಸಿಗೆಗಷ್ಟೇ ಅಲ್ಲ, ಮಳೆಯಲ್ಲೂ ಒಮ್ಮೆ ಊರಿಗೆ ಕರೆತಂದರೆ ಒಳ್ಳೆಯದು. ಬಾಣಲೆಯ ಬಳಿ ಹಿರಿಯರೊಬ್ಬರು ಇರಲಿ; ಒದ್ದೆ ಕೈ ಎಣ್ಣೆಯ ಹತ್ತಿರ ಬೇಡ.