ಮಕ್ತಲ್‌ನಿಂದ ಉಸ್ಮಾನಿಯಾಕ್ಕೆ

“ಮುತ್ಯಾ, ಇಂಗ್ಲಿಷ್ ಎಂ.ಎ. ಮಾಡಿದ್ರ ಏನ್ ಸಿಗ್ತದ?” ಎಂದು ನಾರಾಯಣಪೇಟೆಯ ನೇಕಾರರ ಮನೆಯ ಹುಡುಗಿಯೊಬ್ಬಳು, ಪಾಲಮೂರು ವಿಶ್ವವಿದ್ಯಾನಿಲಯಕ್ಕೆ ಅರ್ಜಿ ತುಂಬುವ ಮುನ್ನ ನನ್ನಲ್ಲಿಗೆ ಬಂದು ಕೇಳಿದಳು. ಉದ್ಯೋಗದ ವಿಚಾರವನ್ನು ಅವಳು ನನಗಿಂತ ಚೆನ್ನಾಗಿ ಬಲ್ಲಳು. ಆ ವಿದ್ಯೆ ಒಂದು ಕಾಲದಲ್ಲಿ ಹೇಗಿತ್ತೆಂಬುದನ್ನು ಹೇಳಬಲ್ಲವರು ಮಾತ್ರ ನಮ್ಮ ಸೀಮೆಯಲ್ಲಿ ವಿರಳವಾಗುತ್ತಿದ್ದಾರೆ.

1956ರಲ್ಲಿ ಹೈದರಾಬಾದು ರಾಜ್ಯವು ಭಾಷೆಯ ಮೇರೆಗೆ ಹಂಚಿಹೋದಾಗ, ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮೆಹಬೂಬನಗರ ಜಿಲ್ಲೆಗೆ ಹೋದವು. ಮೊದಲಿನಿಂದಲೂ ಆ ಜಿಲ್ಲೆಯಲ್ಲಿಯೇ ಇದ್ದ ನಮ್ಮ ಮಕ್ತಲ್, ನಾರಾಯಣಪೇಟೆಗಳು ಅದರೊಡನೆಯೇ ಆಂಧ್ರಪ್ರದೇಶಕ್ಕೆ ಸಂದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು ಎಂಬಂತೆ ಬೆಳೆದ ನಮಗೆ, ಯಾರ ಮನೆಮಾತೂ ಅಲ್ಲದ ಇಂಗ್ಲಿಷಿನ ತರಗತಿಯೊಂದೇ ಎಲ್ಲರೂ ಸರಿಸಮನಾಗಿ ಕುಳಿತುಕೊಳ್ಳಬಹುದಾದ ಪಂಕ್ತಿಯೆಂದು ತೋರಿತು. ನಗರದ ಕಾನ್ವೆಂಟುಗಳಲ್ಲಿ ಓದಿದವರ ಪಕ್ಕದಲ್ಲಿ ಕುಳಿತ ಮೇಲೆ ಆ ಭ್ರಮೆ ಹರಿಯಿತು, ಹಂಬಲ ಹರಿಯಲಿಲ್ಲ.

ನಾನು 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸೇರಿದೆ. ನಾವು ಮೆಹಬೂಬನಗರದ ಮೇಲೆ ಬಸ್ಸಿನಲ್ಲಿ ಹೋದರೆ, ಗದ್ವಾಲದ ಗೆಳೆಯರು ಮೀಟರ್‌ಗೇಜ್ ರೈಲು ಹಿಡಿದು ಕಾಚಿಗುಡದಲ್ಲಿ ಇಳಿಯುತ್ತಿದ್ದರು. 1918ರಲ್ಲಿ ಉರ್ದು ಮಾಧ್ಯಮದಿಂದ ಆರಂಭವಾಗಿದ್ದ ವಿಶ್ವವಿದ್ಯಾನಿಲಯದ ಆರ್ಟ್ಸ್ ಕಾಲೇಜಿನ ಆ ಕಲ್ಲಿನ ಸೌಧದಲ್ಲಿ ಆಗ ಕವಿ ಶಿವ ಕೆ. ಕುಮಾರರು ಇಂಗ್ಲಿಷಿನ ಪ್ರಾಧ್ಯಾಪಕರು. ಅದೇ ನಗರದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷಿಗೆ ನಮ್ಮ ವಿ. ಕೃ. ಗೋಕಾಕರು ನಿರ್ದೇಶಕರು. ಗಡಿಯ ಕನ್ನಡಿಗರಾದ ನಮಗೆ ಅದೆಂಥ ಧೈರ್ಯವನ್ನು ಕೊಟ್ಟಿತೆಂಬುದನ್ನು ಇಂದು ವಿವರಿಸುವುದು ಕಷ್ಟ.

ಆದರೆ ನನ್ನನ್ನು ತಿದ್ದಿದವರು ಪ್ರಸಿದ್ಧರಲ್ಲದ ಒಬ್ಬ ವೃದ್ಧ ಗುರುಗಳು. ಮಾಸಿದ ಶೇರ್ವಾನಿಯನ್ನು ಧರಿಸಿ, ಜರ್ದಾದ ಮಂದ ಪರಿಮಳವನ್ನು ಮುಂದೆ ಕಳುಹಿಸಿ ಅದರ ಹಿಂದೆ ತಾವು ಪ್ರವೇಶಿಸುತ್ತಿದ್ದ ಅವರು, ‘ಕಿಂಗ್ ಲಿಯರ್’ ನಾಟಕವನ್ನು ವಿಮರ್ಶೆಯ ಒಂದು ವಾಕ್ಯವನ್ನೂ ಉದ್ಧರಿಸದೆ, ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಗಟ್ಟಿಯಾಗಿ ಓದಿಯೇ ಮುಗಿಸುತ್ತಿದ್ದರು. ಅರ್ಥವಾಗದ ಮುಖ ಕಂಡರೆ ಓದು ನಿಲ್ಲಿಸಿ ಉರ್ದುವಿನಲ್ಲಿ ತಿಳಿಯಹೇಳುವರು. ಒಂದು ದಿನ, ನಿಮ್ಮ ಭಾಷೆಯಲ್ಲಿ ಇಂತಹ ದೊರೆಯೊಬ್ಬನಿರುವನೇ ಎಂದು ನನ್ನನ್ನು ಕೇಳಿದರು. ನಾನು ರನ್ನನ ಕಾವ್ಯದ ದುರ್ಯೋಧನನನ್ನು ಹೆಸರಿಸಿದೆನು. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀಯವರು ಆ ಕಾವ್ಯವನ್ನೇ ‘ಗದಾಯುದ್ಧ ನಾಟಕಂ’ ಎಂಬ ದುರಂತ ನಾಟಕವಾಗಿ ರೂಪಿಸಿದ್ದುದನ್ನೂ ಅರಿಕೆ ಮಾಡಿದೆನು. ಮರುದಿನ ಪುಸ್ತಕವನ್ನು ಮುಚ್ಚಿಟ್ಟು, ಹೆಣಗಳ ನಡುವೆ ತನ್ನವರನ್ನು ಗುರುತಿಸುತ್ತ ನಡೆವ ಆ ಕೌರವೇಂದ್ರನ ಕಥೆಯನ್ನು ತರಗತಿಗೆಲ್ಲ ನನ್ನಿಂದಲೇ ಹೇಳಿಸಿದರು. ಇಂಗ್ಲಿಷ್ ಸಾಹಿತ್ಯವು ನನ್ನದಾದುದು ಆ ದಿನ.

ಬ್ರ್ಯಾಡ್ಲಿಯ ‘ಷೇಕ್ಸ್‌ಪಿಯರಿಯನ್ ಟ್ರ್ಯಾಜೆಡಿ’ ಗ್ರಂಥವನ್ನು ಸ್ವಂತಕ್ಕೆ ಕೊಳ್ಳಬೇಕೆಂಬ ಆಸೆ ಹುಟ್ಟಿದುದೂ ಆಗಲೇ. ಕೋಠಿಯ ಹಳೆ ಪುಸ್ತಕದ ಅಂಗಡಿಯಲ್ಲಿ ರಟ್ಟು ಕಿತ್ತ ಪ್ರತಿಯೊಂದು ದೊರೆಯಿತು. ಆತ ಆರು ರೂಪಾಯಿ ಎಂದ, ನಾನು ಮೂರು ಎಂದೆ. ಮಾತಿನ ನಡುವೆ ನನ್ನ ಊರಿನ ಕಡೆ ತಿಳಿದೊಡನೆ, “ನಾರಾಯಣ್‌ಪೇಟ್ ಕೆ ಬಾಜೂ ಕೆ ಹೋ?” ಎಂದು ಎದ್ದು ಕುಳಿತು, ತನ್ನ ಹೆಂಡತಿಗೆ ನೇಕಾರನ ದರದಲ್ಲಿ ಒಂದು ಸೀರೆ ತಂದುಕೊಡುವುದಾದರೆ ಮೂರಕ್ಕೇ ಒಪ್ಪಿದೆನೆಂದ. ಹಬ್ಬಕ್ಕೆ ಊರಿಗೆ ಹೋದಾಗ ಮಗ್ಗದ ಮನೆಯಿಂದಲೇ ಕೆಂಪು ಅಂಚಿನ ಹತ್ತಿಯ ಸೀರೆಯನ್ನು ತಂದುಕೊಟ್ಟೆ. ಆ ಬ್ರ್ಯಾಡ್ಲಿ ಇಂದಿಗೂ ನನ್ನ ಬಳಿ ಇದೆ.

ಅಂದಿನದೆಲ್ಲ ಚೆನ್ನಾಗಿತ್ತೆಂದು ಹೇಳಲಾರೆ. ಬಾಯಿಪಾಠದ ಟಿಪ್ಪಣಿ ಬರೆಯಿಸುವ ಅಧ್ಯಾಪಕರು ಆಗಲೂ ಇದ್ದರು. ಮಕ್ತಲ್ ಕಡೆಯಿಂದ ಹೆಣ್ಣುಮಕ್ಕಳೊಬ್ಬರೂ ನಮ್ಮ ತರಗತಿಗೆ ಬರಲಿಲ್ಲ; ಮಗ್ಗದವರ ಮಕ್ಕಳು ಬರಲಿಲ್ಲ; ದಲಿತರ ಬರಹವೆಂಬುದು ಪಠ್ಯದ ಹತ್ತಿರಕ್ಕೂ ಸುಳಿಯಲಿಲ್ಲ. 2008ರಲ್ಲಿ ಮೆಹಬೂಬನಗರದಲ್ಲಿಯೇ ಪಾಲಮೂರು ವಿಶ್ವವಿದ್ಯಾನಿಲಯವಾದುದರಿಂದ ಆ ಬಾಗಿಲು ತೆರೆಯಿತೆಂಬುದು ನನಗೆ ನಿಜವಾದ ಸಂತೋಷ. ಆದರೆ ಬಾಗಿಲು ತೆರೆದವರು ಒಳಗಿನ ದೀಪವನ್ನೇಕೆ ಆರಿಸಿದರು? ನಾಟಕವನ್ನೇ ಕಣ್ಣಿಂದ ನೋಡದೆ, ಗೈಡಿನ ಸಾರಾಂಶವನ್ನೂ ಫೋನಿಗೆ ಬಂದ ನಾಲ್ಕು ಪುಟಗಳನ್ನೂ ಉರು ಹೊಡೆದು ಷೇಕ್ಸ್‌ಪಿಯರಿನಲ್ಲಿ ಉತ್ತೀರ್ಣರಾದ ಪದವೀಧರರನ್ನು ನಾನು ಬಲ್ಲೆ. ತಪ್ಪು ಅವರದಲ್ಲ, ಓದಿಸದೆ ಪರೀಕ್ಷಿಸುವವರದು. ಮೊಟ್ಟಮೊದಲ ಬಾರಿಗೆ ಒಳಗೆ ಬಂದವರಿಗೇ ಬರಿಯ ಸಿಪ್ಪೆಯನ್ನು ನೀಡುವುದು ಅನ್ಯಾಯ.

ಸೇರಬೇಕೆಂದೇ ನಾನು ಆ ಹುಡುಗಿಗೆ ಹೇಳಿದ್ದೇನೆ. ಅವಳಿಗೆ ಪಾಠ ಹೇಳಲಿರುವವರಲ್ಲಿ ನನ್ನ ಬೇಡಿಕೆ ಇಷ್ಟೆ: ವರ್ಷಕ್ಕೆ ಒಂದೇ ಒಂದು ನಾಟಕವನ್ನಾದರೂ ತರಗತಿಯಲ್ಲಿ ಪೂರ್ತಿಯಾಗಿ, ಗಟ್ಟಿಯಾಗಿ ಓದಿರಿ, ಮನೆಮಾತು ಕನ್ನಡವಾಗಲಿ, ತೆಲುಗಾಗಲಿ, ಉರ್ದುವಾಗಲಿ, ಅದರಲ್ಲಿ ಅವರು ಏನನ್ನು ಓದಿ ಬಂದಿರುವರೆಂದು ಒಮ್ಮೆ ಕೇಳಿರಿ.