ಹೋಳೂರಿನ ದಾರಿಗೆ ನಾಲ್ಕೇ ಸೀಟು

ಸಹೋದರಿಯರೇ, ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಮಕ್ಕಳೊಂದಿಗೆ ಬ್ಯಾಟರಿ ಗಾಡಿ ಹತ್ತಿದ್ದೀರಾ? ಹೊಗೆಯಿಲ್ಲ, ಸದ್ದಿಲ್ಲ. ನಮ್ಮೂರಿಗೂ ಬರಲಿ ಎನಿಸುತ್ತದೆ. ಆದರೆ ಅದು ತೋಟದೊಳಗಿನ ಗಾಡಿ.

ಕೋಲಾರ ತಾಲೂಕಿನ ಹೋಬಳಿ ಕೇಂದ್ರ ಹೋಳೂರಿಗೆ ಬನ್ನಿ. ಇಲ್ಲಿನ ರಸ್ತೆಯಲ್ಲಿ ಬಸ್ಸು, ಟ್ರ್ಯಾಕ್ಟರು, ಟೊಮೆಟೊ ಹೊತ್ತ ಟೆಂಪೊಗಳ ಓಡಾಟ. ಇವುಗಳ ನಡುವೆ ಬಾಡಿಗೆಗೆ ಓಡುವ ಇ-ರಿಕ್ಷಾಗೆ ನೋಂದಣಿ, ವಿಮೆ, ಚಾಲಕನಿಗೆ ಲೈಸೆನ್ಸ್ ಬೇಕೇ ಬೇಕು. 2014ರ ಕೇಂದ್ರ ನಿಯಮದಂತೆ ಚಾಲಕನಲ್ಲದೆ ನಾಲ್ವರು, 40 ಕಿಲೋ ಸಾಮಾನು, ಗಂಟೆಗೆ 25 ಕಿ.ಮೀ. ವೇಗ, ಅಷ್ಟೇ. ಯಾವ ರಸ್ತೆಯಲ್ಲಿ ಅದು ಓಡಬಾರದೆಂದು ರಾಜ್ಯ ಸರ್ಕಾರ ನಿರ್ಬಂಧಿಸಬಹುದು.

ಮದುವೆಗೋ ಆಸ್ಪತ್ರೆಗೋ ಹೊರಟಾಗ, “ಅಕ್ಕಾ, ಸ್ವಲ್ಪ ಸರ್ಕೊಳ್ಳಿ” ಎಂದು ಐದನೆಯವರನ್ನು ಹತ್ತಿಸಿದರೆ ಸಂಕೋಚಪಡದೆ ಬೇಡವೆನ್ನಿ. ತಡವಾದರೂ ಸರಿ, ಮಡಿಲಲ್ಲಿರುವ ಮಗು ಕ್ಷೇಮವಾಗಿ ಮನೆ ಸೇರಲಿ.