ದಾರಿ ಕೇಳುವ ವಿದ್ಯೆ

ಚಾಮರಾಜನಗರದ ಕಡೆಯಿಂದ ಬಂದ ಬಸ್ಸು ಸಂತೆಮರಹಳ್ಳಿಯಲ್ಲಿ ನಿಂತಾಗ ಅದರಿಂದ ಇಳಿದ ಹೊಸಬನು ಬಹಳ ಹೊತ್ತು ಹೊಸಬನಾಗಿ ಉಳಿಯುವುದಿಲ್ಲ. ಒಂದು ದಾರಿ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೋಗುತ್ತದೆ. ಇನ್ನೊಂದು ಮೂಗೂರಿನ ಮೇಲೆ ತಿರುಮಕೂಡಲು ನರಸೀಪುರಕ್ಕೆ ಸಾಗುತ್ತದೆ. ಯಾವ ದಾರಿ ಯಾವ ಊರಿಗೆಂದು ತಿಳಿಯದೆ ಅವನು ಒಂದು ಗಳಿಗೆ ಅತ್ತಿತ್ತ ನೋಡಿದರೆ ಸಾಕು, ಚಹದಂಗಡಿಯ ಬೆಂಚಿನಿಂದ "ಎಲ್ಲಿಗೆ ಹೋಗಬೇಕಪ್ಪ?" ಎಂಬ ಪ್ರಶ್ನೆ ಬರುತ್ತದೆ. ಅವನು ಒಬ್ಬರಿಗೆ ಉತ್ತರ ಕೊಡುವಷ್ಟರಲ್ಲಿ ಮೂವರು ದಾರಿ ಹೇಳಲು ಎದ್ದುನಿಂತಿರುತ್ತಾರೆ. ಅವರು ಹೇಳುವ ದೂರಕ್ಕೆ ಮೈಲಿಗಲ್ಲಿನ ಹಂಗಿಲ್ಲ. ಅರಳಿಕಟ್ಟೆ ದಾಟಿದರೆ ಕೂಗಳತೆಯ ದೂರ ಎನ್ನುತ್ತಾರೆ. ಆ ಕೂಗು ಕೆಲವೊಮ್ಮೆ ಅರ್ಧ ಹರದಾರಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿರುತ್ತದೆ! ಆದರೂ ದಾರಿ ತಪ್ಪಿದವರು ಕಡಿಮೆ. ಏಕೆಂದರೆ ಪ್ರತಿ ತಿರುವಿನಲ್ಲಿಯೂ ಮತ್ತೊಬ್ಬರು ಇದ್ದೇ ಇರುತ್ತಾರೆ.

ಹೀಗೆ ಬಾಯಿಮಾತಿನ ದಾರಿಯಲ್ಲಿ ನಡೆದು ಬಾಳಿದವರು ಐರೋಪ್ಯ ಮಹಾನಗರವೊಂದರಲ್ಲಿ ಇಳಿದಾಗ ಏನಾಗುತ್ತದೆ? ಹಿಂದೆ ಈ ಪ್ರಶ್ನೆ ಕೆಲವರನ್ನು ಮಾತ್ರ ಕಾಡುತ್ತಿತ್ತು. ವಿದ್ಯೆಗಾಗಿ ಆಕ್ಸ್‌ಫರ್ಡಿಗೆ ಹೋದ ವಿ. ಕೃ. ಗೋಕಾಕರಂಥವರು, ಲೋಕವನ್ನು ಕಣ್ಣಾರೆ ಕಾಣಲು ಯುರೋಪಿಗೆ ಹೋಗಿಬಂದು 'ಅಪೂರ್ವ ಪಶ್ಚಿಮ'ವನ್ನು ಬರೆದ ಶಿವರಾಮ ಕಾರಂತರಂಥವರು ಅದಕ್ಕೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕಂಡುಕೊಂಡರು. ಈಗ ಕಾಲ ಬದಲಾಗಿದೆ. ಮಗನೋ ಮಗಳೋ ಲಂಡನ್ನಿನಲ್ಲಿ ಉದ್ಯೋಗಕ್ಕೆ ನಿಂತರೆ, ಮೈಸೂರಿನಿಂದ ಆಚೆಗೆ ಹೆಚ್ಚು ಹೋಗದ ತಂದೆತಾಯಿಗಳೂ ವಿಮಾನವೇರುತ್ತಾರೆ. ಸಂತೆಮರಹಳ್ಳಿಯ ಕಡೆಯ ಅಂಥ ದಂಪತಿಗಳನ್ನು ಇಲ್ಲಿ ಊಹಿಸಿಕೊಳ್ಳಬಹುದು. ಗಂಡ ನಿವೃತ್ತ ಉಪಾಧ್ಯಾಯರು. ಇಂಗ್ಲಿಷನ್ನು ಓದಬಲ್ಲರು, ಬರೆಯಬಲ್ಲರು, ಆದರೆ ಪರರೊಡನೆ ಆಡಲು ಸಂಕೋಚಪಡುವರು. ಹೆಂಡತಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆಯಿಲ್ಲ. ಆದರೆ ಹಿಪ್ಪುನೇರಳೆ ತೋಟ ನೋಡಿಕೊಂಡು, ರೇಷ್ಮೆಗೂಡನ್ನು ತಾವೇ ಮಾರುಕಟ್ಟೆಗೆ ಒಯ್ದು, ದರ ಹಿಡಿದು ಮಾರಿ ಬಂದವರು. ಸಂಕೋಚವೆಂಬುದು ಅವರ ಬಳಿ ಸುಳಿದಿರಲಿಲ್ಲ.

ಮಗನ ಮನೆ ನಗರದ ಪಶ್ಚಿಮಕ್ಕೆ, ಹೌನ್ಸ್ಲೋ ಎಂಬಲ್ಲಿತ್ತು. ಮಗ, ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆಗೆ. ನಡುವಣ ಹೊತ್ತೆಲ್ಲ ದಂಪತಿಗಳು ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಿದ್ದವು. ಹೊರಗೆ ಹೋದರೆ ತಮ್ಮ ಬಾಗಿಲು ಯಾವುದೆಂದು ಗುರುತು ಸಿಗುವುದೇ ಎಂಬ ಅಂಜಿಕೆ. ಊರಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುತ್ತಿದ್ದ ಮೇಷ್ಟರು ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಮಗನ ಬಿಡುವನ್ನು ಕಾಯಬೇಕಾಯಿತು. ಮಕ್ಕಳ ಪ್ರೀತಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ತನ್ನ ಕಾಲಿನ ಮೇಲೆ ತಾನು ಓಡಾಡಲಾರದವನಿಗೆ ಅರಮನೆಯೂ ಪಂಜರವೇ. ಹೊರದೇಶಗಳಲ್ಲಿ ಮಕ್ಕಳ ಮನೆಗೆ ಹೋಗುವ ಎಷ್ಟೋ ಹಿರಿಯರ ಮೌನವಾದ ಸಂಕಟ ಇದೇ ಆಗಿದೆ.

ಮೂರನೆಯ ವಾರ ಆಕೆ ಹೊರಟೇಬಿಟ್ಟರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನೋಡಬೇಕಾದುವು ಎರಡು ಎಂದು ಮೊದಲೇ ನಿಶ್ಚಯವಾಗಿತ್ತು: ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಹುಲಿ, ಥೇಮ್ಸ್ ನದಿಯ ದಂಡೆಯ ಬಸವೇಶ್ವರರ ಪ್ರತಿಮೆ. ಮಗ ಇಬ್ಬರಿಗೂ ಬೇರೆ ಬೇರೆ ಕಾರ್ಡು ಕೊಟ್ಟನು. ಲಂಡನ್ನಿನ ರೈಲಿನಲ್ಲಿ ಒಂದೇ ಕಾರ್ಡಿನಿಂದ ಇಬ್ಬರು ಹೋಗುವಂತಿಲ್ಲ. ಒಳಗೆ ಹೋಗುವಾಗ ಕಾರ್ಡನ್ನು ಹಳದಿ ಫಲಕಕ್ಕೆ ತಾಗಿಸಬೇಕು, ಹೊರಗೆ ಬರುವಾಗಲೂ ಅದೇ ಕಾರ್ಡನ್ನು ತಾಗಿಸಬೇಕು; ಮರೆತರೆ ಹೆಚ್ಚಿನ ದರ ತೆರಬೇಕಾಗುತ್ತದೆ. ಅಲ್ಲಿನ ಕೆಂಪು ಬಸ್ಸುಗಳಲ್ಲಂತೂ 2014ರಿಂದ ಈಚೆಗೆ ನಗದು ಹಣವನ್ನೇ ತೆಗೆದುಕೊಳ್ಳುವುದಿಲ್ಲ. "ರೊಕ್ಕ ಕೈಯಲ್ಲಿದ್ದರೂ ಹತ್ತಿಸದ ಬಸ್ಸೇ!" ಎಂದು ಆಕೆ ಬೆರಗಾದರು.

ಲಂಡನ್ನಿನ ನೆಲದಡಿಯ ರೈಲು ಜಗತ್ತಿನಲ್ಲೇ ಮೊದಲನೆಯದು. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿನವರೆಗೆ ಅದು ಓಡಿದಾಗ ಎಳೆಯುತ್ತಿದ್ದುದು ಉಗಿಯಂತ್ರ. ಇಂದು ಅದಕ್ಕೆ 11 ಮಾರ್ಗಗಳೂ 272 ನಿಲ್ದಾಣಗಳೂ ಇವೆ. ಹೆಸರು ನೆಲದಡಿಯದಾದರೂ ಅರ್ಧಕ್ಕಿಂತ ಹೆಚ್ಚು ದಾರಿ ನೆಲದ ಮೇಲೆಯೇ ಇದೆ. ಇಂಥ ಜಾಲದಲ್ಲಿ ಹೊಸಬನು ತಪ್ಪಿಸಿಕೊಳ್ಳದಂತೆ ಕಾಯುವುದು ಒಂದು ಸಣ್ಣ ನಕ್ಷೆ. 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರನು ಅದನ್ನು ರಚಿಸಿದನು. ನೆಲದಡಿ ಹೋಗುವವನಿಗೆ ಮೇಲಿನ ಬೀದಿಯ ಡೊಂಕಿನಿಂದ ಏನಾಗಬೇಕು? ಯಾವ ನಿಲ್ದಾಣದ ಮುಂದೆ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬಷ್ಟೇ ಅವನಿಗೆ ಬೇಕು. ಹೀಗೆ ಯೋಚಿಸಿದ ಬೆಕ್ ಮಾರ್ಗಕ್ಕೊಂದು ಬಣ್ಣವನ್ನು ಉಳಿಸಿಕೊಂಡು, ಡೊಂಕುಗಳನ್ನೆಲ್ಲ ನೆಟ್ಟಗೆ ಮಾಡಿದನು. ಮೊದಲು ಅಧಿಕಾರಿಗಳು ಅದನ್ನು ಒಪ್ಪಲಿಲ್ಲ; 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂದ ಮೇಲೆ ಜನರೇ ಅದನ್ನು ಒಪ್ಪಿದರು. ಜಗತ್ತಿನ ಅನೇಕ ನಗರಗಳು ಇದೇ ಮಾದರಿಯನ್ನು ಅನುಸರಿಸಿವೆ. 2011ರಲ್ಲಿ ಆರಂಭವಾದ ಬೆಂಗಳೂರಿನ ಮೆಟ್ರೋ ರೈಲಿನಲ್ಲಿಯೂ ಮಾರ್ಗಗಳನ್ನು ನೇರಳೆ, ಹಸಿರು ಎಂದು ಬಣ್ಣದಿಂದಲೇ ಗುರುತಿಸುತ್ತಾರೆ.

ಈ ನಕ್ಷೆಗೂ ಒಂದು ಮಿತಿಯುಂಟು. ಅದು ದೂರವನ್ನು ಹೇಳುವುದಿಲ್ಲ. ಲೆಸ್ಟರ್ ಸ್ಕ್ವೇರಿನಿಂದ ಕೋವೆಂಟ್ ಗಾರ್ಡನ್ನಿಗೆ 300 ಮೀಟರುಗಳೂ ಇಲ್ಲ. ಅದನ್ನು ತಿಳಿಯದ ಪ್ರವಾಸಿಗಳು ಇಳಿದು, ಹತ್ತಿ, ಕಾದು ರೈಲಿನಲ್ಲಿ ಹೋಗುತ್ತಾರೆ. ನಡೆದಿದ್ದರೆ ಅಷ್ಟರಲ್ಲಿ ತಲುಪಿರುತ್ತಿದ್ದರು. ನಕ್ಷೆ ತಿಳಿಸದ ಈ ಮಾತನ್ನು ಊರಿನವನೊಬ್ಬನು ಅರೆಗಳಿಗೆಯಲ್ಲಿ ತಿಳಿಸಬಲ್ಲನು.

ಮೇಷ್ಟರು ನಕ್ಷೆಯನ್ನು ಪಾಠದಂತೆ ಒಪ್ಪಿಸಿಕೊಂಡರು. ಆಕೆ ಮಾತ್ರ ಸೀರೆಯ ಬಣ್ಣ ನೆನಪಿಡುವ ಹಾಗೆ ಇಟ್ಟುಕೊಂಡರು: ಮೊದಲು ಕಡುನೀಲಿ, ಆಮೇಲೆ ಹಸಿರು, ಕೊನೆಗೆ ತಿಳಿನೀಲಿ. ಕಡುನೀಲಿಯ ರೈಲು ಹೌನ್ಸ್ಲೋವಿನಿಂದ ಸೌತ್ ಕೆನ್ಸಿಂಗ್ಟನ್ನಿಗೆ ನೇರವಾಗಿ ಬಂದಿತು. ಚಲಿಸುವ ಮೆಟ್ಟಿಲಿನ ಮೇಲೆ ನಿಲ್ಲುವವರು ಬಲಕ್ಕೆ ನಿಂತು, ಅವಸರದವರಿಗೆ ಎಡಗಡೆಯನ್ನು ಬಿಟ್ಟುಕೊಡುವುದನ್ನು ಆಕೆ ನೋಡಿಯೇ ಕಲಿತರು. ನಿಲ್ದಾಣದಿಂದ ವಸ್ತುಸಂಗ್ರಹಾಲಯದವರೆಗೆ ನೆಲದಡಿಯಲ್ಲೇ ಕಾಲುದಾರಿಯಿದೆ. ವಿಕ್ಟೋರಿಯ ಮತ್ತು ಆಲ್ಬರ್ಟ್ ಸಂಗ್ರಹಾಲಯದ ಪ್ರವೇಶಕ್ಕೆ ಶುಲ್ಕವಿಲ್ಲ. ಅಲ್ಲಿ ಗಾಜಿನ ಹಿಂದೆ ಆ ಮರದ ಹುಲಿ ಕೆಳಗೆ ಬಿದ್ದ ಸೈನಿಕನ ಮೇಲೆ ಎರಗಿ ನಿಂತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕಡಲು ದಾಟಿತು. ಆಕೆ ಬಹಳ ಹೊತ್ತು ನೋಡಿ, "ಇದೂ ನಮ್ಮ ಹಾಗೆಯೇ ದೂರ ಬಂದುಬಿಟ್ಟಿದೆ" ಎಂದರು.

ಹಸಿರು ಮಾರ್ಗದಲ್ಲಿ ವಿಕ್ಟೋರಿಯ ನಿಲ್ದಾಣಕ್ಕೆ ಬಂದಾಗ ಜನಸಂದಣಿ ಹೆಚ್ಚಾಗಿತ್ತು. ತಿಳಿನೀಲಿಯ ರೈಲು ದಕ್ಷಿಣಕ್ಕೆ ಹೋಗುವುದೋ ಉತ್ತರಕ್ಕೆ ಹೋಗುವುದೋ ಎಂದು ಮೇಷ್ಟರು ಫಲಕವನ್ನು ಓದುತ್ತ ನಿಂತರು. "ಯಾರನ್ನಾದರೂ ಕೇಳಬಾರದೇನ್ರೀ? ಕೇಳಿದರೆ ಬಾಯಿ ಸವೆಯುತ್ತದೆಯೇ?" ಎಂದು ಆಕೆ ಎರಡು ಸಲ ಹೇಳಿದರು. ಮೇಷ್ಟರು ಮೂರನೆಯ ಸಲ ಓದಿದರು. ಅಷ್ಟರಲ್ಲಿ ರೈಲು ಬಂದಿತು, ಜನರ ಅಲೆ ಆಕೆಯನ್ನು ಒಳಗೆ ಒಯ್ದಿತು, ಬಾಗಿಲು ಮುಚ್ಚಿತು. ಗಾಜಿನಾಚೆ ಮೇಷ್ಟರ ಕೈ ಮೇಲೆದ್ದುದು ಒಂದು ಕ್ಷಣ ಕಂಡಿತು, ಆಮೇಲೆ ಕತ್ತಲೆ.

80 ಲಕ್ಷಕ್ಕೂ ಮಿಕ್ಕ ಜನರಿರುವ ನಗರ; ಒಂದು ಮಾತೂ ತನ್ನದಲ್ಲ; ಕೈಯಲ್ಲಿ ದೂರವಾಣಿಯಿಲ್ಲ, ಅದು ಮೇಷ್ಟರ ಜೇಬಿನಲ್ಲಿದೆ. ಎದೆ ಹೊಡೆದುಕೊಂಡಿತು. ಆದರೆ ಆಕೆಗೆ ಕಸ್ತೂರಿನ ಬಂಡಿ ಜಾತ್ರೆ ನೆನಪಾಯಿತು. ಸುತ್ತಲ ಊರುಗಳ ಬಂಡಿಗಳೆಲ್ಲ ಸೇರುವ ಆ ಜಾತ್ರೆಗೆ ಹೊರಡುವಾಗ ಅವರು ಮಕ್ಕಳಿಗೆ ಪ್ರತಿ ವರ್ಷ ಒಂದು ಮಾತು ಹೇಳುತ್ತಿದ್ದರು: "ತಪ್ಪಿಸಿಕೊಂಡರೆ ಹುಡುಕಿಕೊಂಡು ಅಲೆಯಬೇಡಿ. ಇದ್ದ ಜಾಗದಲ್ಲೇ ನಿಲ್ಲಿ. ಹುಡುಕುವವರು ಬರುತ್ತಾರೆ." ಇಬ್ಬರೂ ಅಲೆದರೆ ಯಾರೂ ಸಿಗುವುದಿಲ್ಲ ಎಂಬುದು ಜಾತ್ರೆಯ ಅನುಭವ. ಮುಂದಿನ ನಿಲ್ದಾಣದಲ್ಲಿ ಬಾಗಿಲು ತೆರೆದೊಡನೆ ಆಕೆ ಇಳಿದು, ಇಳಿದಲ್ಲಿಯೇ ಗೋಡೆಗೆ ಒರಗಿ ನಿಂತರು. ಅದು ಪಿಮ್ಲಿಕೋ, ಆ ಮಾರ್ಗದಲ್ಲಿ ಬೇರೆ ರೈಲಿಗೆ ಬದಲಿಸಲು ಎಡೆಯಿಲ್ಲದ ಒಂದೇ ನಿಲ್ದಾಣ. ಅದನ್ನು ಅವರು ತಿಳಿದಿರಲಿಲ್ಲ. ಕೆಲಸದ ಉಡುಪು ತೊಟ್ಟ ಸಿಬ್ಬಂದಿಯೊಬ್ಬಳು ಬಂದು ಏನನ್ನೋ ಕೇಳಿದಳು. ಆಕೆ ರೈಲು ಬಂದ ದಿಕ್ಕನ್ನು ತೋರಿಸಿ, ಒಂದು ಬೆರಳೆತ್ತಿ, ತಮ್ಮ ತಾಳಿಯನ್ನು ಮುಟ್ಟಿ ತೋರಿಸಿದರು. ಆ ಹೆಣ್ಣುಮಗಳಿಗೆ ತಾಳಿಯ ಅರ್ಥ ತಿಳಿಯಿತೋ ಇಲ್ಲವೋ, ಆಕೆಯ ಕಣ್ಣಿನ ಅರ್ಥ ತಿಳಿಯಿತು. ಅಲ್ಲಿಂದ ಕದಲದೆ ಪಕ್ಕದಲ್ಲಿಯೇ ನಿಂತಳು.

ಅತ್ತ ಮೇಷ್ಟರು ಮೊದಲ ಬಾರಿಗೆ ಬಾಯಿ ತೆರೆದಿದ್ದರು. ಪಕ್ಕದ ಪ್ರಯಾಣಿಕನು ಅವರ ಮಾತು ಕೇಳಿ, ಮುಂದಿನ ರೈಲು ಎರಡು ನಿಮಿಷದಲ್ಲಿದೆಯೆಂದೂ ಮುಂದಿನ ನಿಲ್ದಾಣದಲ್ಲಿಯೇ ಮೊದಲು ನೋಡಬೇಕೆಂದೂ ಹೇಳಿದನು. ಪಿಮ್ಲಿಕೋದಲ್ಲಿ ಬಾಗಿಲು ತೆರೆದಾಗ ಎದುರಿಗೇ ರೇಷ್ಮೆ ಸೀರೆಯ ಪರಿಚಿತ ಸೆರಗು ಕಂಡಿತು. ಮೇಷ್ಟರು ಏನೋ ಹೇಳಹೋದರು, ಗಂಟಲು ಕಟ್ಟಿತು. "ಕೇಳಿದಿರಾ?" ಎಂದರು ಆಕೆ. "ಕೇಳಿದೆ" ಎಂದರು ಮೇಷ್ಟರು. ಅಲ್ಲಿಂದ ವಾಕ್ಸ್‌ಹಾಲಿಗೆ ಒಂದೇ ನಿಲ್ದಾಣ. ಅಲ್ಲಿಳಿದು ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಡೆದು, 2015ರ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿಗಳು ಅನಾವರಣ ಮಾಡಿದ ಬಸವೇಶ್ವರರ ಪ್ರತಿಮೆಯ ಮುಂದೆ ಇಬ್ಬರೂ ಕೈಮುಗಿದು ನಿಂತರು. ದಾರಿಯಲ್ಲಿ ಇಬ್ಬರನ್ನು ಕೇಳಿದ್ದರು. ಎರಡು ಸಲವೂ ಕೇಳಿದವರು ಮೇಷ್ಟರೇ.

ಆ ದಿನದಿಂದ ಮನೆಯ ಬಾಗಿಲು ಅವರಿಗೆ ತೆರೆಯಿತು. ಒಂದು ವಾರದೊಳಗೆ ಆಕೆ ಒಬ್ಬರೇ ಅಂಗಡಿಬೀದಿಗೆ ಹೋಗಿ ಕೊತ್ತಂಬರಿ ಸೊಪ್ಪು ತಂದರು. ಒಂದೇ ಅಚ್ಚಿನ ಮನೆಗಳ ಬೀದಿಯಲ್ಲಿ ತಮ್ಮದನ್ನು ಗುರುತಿಸಲು ಮೂಲೆಯ ಅಂಚೆಪೆಟ್ಟಿಗೆಯಿಂದ ಬಾಗಿಲುಗಳನ್ನು ಎಣಿಸಿಕೊಂಡಿದ್ದರು. ಒಂದು ಬೆಳಗ್ಗೆ ಬಸ್ಸಿನ ನಿಲ್ದಾಣದಲ್ಲಿ, ಆಗತಾನೆ ಊರಿಗೆ ಬಂದಂತಿದ್ದ ತರುಣನೊಬ್ಬನು ಅಂಗೈಯಲ್ಲಿ ನಾಣ್ಯಗಳನ್ನು ಹಿಡಿದು ತಬ್ಬಿಬ್ಬಾಗಿ ನಿಂತಿದ್ದನು. ಅವನು ಯಾವ ದೇಶದವನೋ! ಆಕೆ ನೇರವಾಗಿ ಹೋಗಿ, "ಎಲ್ಲಿಗೆ ಹೋಗಬೇಕಪ್ಪ?" ಎಂದು ಕನ್ನಡದಲ್ಲಿಯೇ ಕೇಳಿದರು, ಅವನ ಅಂಗೈಯನ್ನು ಮೆಲ್ಲಗೆ ಮುಚ್ಚಿ, ತಮ್ಮ ಕಾರ್ಡನ್ನು ತೋರಿಸಿದರು. ಅವನು ನಕ್ಕು ತಲೆಯಾಡಿಸಿದನು.

ಹೊಸಬನು ಯಾರನ್ನೂ ಕೇಳದೆಯೇ ಗುರಿ ಮುಟ್ಟಲೆಂದು ಲಂಡನ್ನಿನಂಥ ನಗರ ಫಲಕ, ಬಣ್ಣ, ನಕ್ಷೆಗಳನ್ನು ಏರ್ಪಡಿಸಿದೆ. ಇದು ಸಣ್ಣ ಉಪಕಾರವಲ್ಲ. ಮೂಕನಿಗೂ ಕಿವುಡನಿಗೂ ಅಲ್ಲಿ ದಾರಿಯುಂಟು. ಹೊಸಬನು ಕೇಳುವ ಮುನ್ನವೇ ಅವನನ್ನು ಕೇಳುವುದು ಸಂತೆಮರಹಳ್ಳಿಯಂಥ ಊರಿನ ರೀತಿ. ಇದೂ ಸಣ್ಣ ಉಪಕಾರವಲ್ಲ. ಆದರೆ ಗಡಿಯಾಚೆಯ ತಮಿಳನಾಗಲಿ ಮಲೆಯಾಳಿಯಾಗಲಿ ರಾತ್ರಿಯ ಕೊನೆಯ ಬಸ್ಸಿನಿಂದ ಇಳಿದು, ಬೆಂಚು ಬರಿದಾಗಿರುವಾಗ ನಿಂತರೆ, ಅವನಿಗೆ ದಾರಿ ಹೇಳಲು ಒಂದು ಸ್ಪಷ್ಟವಾದ ಫಲಕ ಬೇಕು. ಹಾಗೆಯೇ ನಕ್ಷೆಯ ನಗರದಲ್ಲಿ ಬಾಗಿಲು ಮುಚ್ಚಿ ಜೊತೆ ತಪ್ಪಿದಾಗ, ಪಕ್ಕದಲ್ಲಿ ಬಂದು ನಿಲ್ಲುವ ಒಬ್ಬ ಮನುಷ್ಯ ಬೇಕು. ಫಲಕವನ್ನು ಬರೆಯುವವರೂ ಮನುಷ್ಯರೇ, ಪಕ್ಕದಲ್ಲಿ ನಿಲ್ಲುವವರೂ ಮನುಷ್ಯರೇ. ಎರಡನ್ನೂ ಮಾಡಬಲ್ಲ ಊರಿನಲ್ಲಿ ಪರದೇಶಿಯು ಬಹಳ ಹೊತ್ತು ಪರದೇಶಿಯಾಗಿ ಇರಲಾರನು.